ತರಗೆಲೆಯಲ್ಲಿ ಮಕ್ಕಳ ಫೋಟೋ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಮಕ್ಕಳ ಔಟ್‌ಡೋರ್ ಫೋಟೋ ತೆಗೆಯುವವರಿಗೆ ವರ್ಷಾ ವರ್ಷ ಬರುವ ಪ್ರಶ್ನೆಗಳಿವು. ಹೆಚ್ಚಿನವು ಅಪ್ಪ-ಅಮ್ಮಂದಿರು ಕೇಳಿದ್ದು. ಒಂದೆರಡು ಅಜ್ಜಿಯರದ್ದು.

ವಿದೇಶದ ಫೋಟೋಗಳಲ್ಲಿ ಅಕ್ಟೋಬರ್‌ಗೇ ಎಲೆ ಕೆಂಪಾಗಿರುತ್ತವೆ. ನಮ್ಮಲ್ಲಿ ಯಾವಾಗ?

ಅಕ್ಟೋಬರ್‌ನಲ್ಲಿ ಧಾರವಾಡ ಇನ್ನೂ ಹಸಿರಾಗಿಯೇ ಇರುತ್ತದೆ. ಆಗ ಎಲೆ ಹುಡುಕಿಕೊಂಡು ಹೊರಟರೆ ಸಿಗೋದು ಕೆಸರು, ಸೊಳ್ಳೆ. ತಣ್ಣನೆ ದೇಶಗಳ ಮರಗಳು ಚಳಿಗಾಲಕ್ಕೆ ಮುಂಚೆ ಎಲೆ ಬಿಡುತ್ತವೆ. ನಮ್ಮ ಮರಗಳು ಬೇಸಿಗೆಗೆ ಮುಂಚೆ, ನೀರು ಉಳಿಸಿಕೊಳ್ಳೋಕೆ ಬಿಡುತ್ತವೆ. ಹಾಗಾಗಿ ಸಂಕ್ರಾಂತಿ ದಾಟಿದ ಮೇಲೆ ಶುರು, ಶಿವರಾತ್ರಿ ಹೊತ್ತಿಗೆ ಜೋರು. ಯುಗಾದಿಗೆ ಬಹಳಷ್ಟು ಮರ ಮತ್ತೆ ಚಿಗುರಿರುತ್ತವೆ.

ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಅಂತ ಲೆಕ್ಕ ಇಟ್ಟುಕೊಳ್ಳಿ. ಆದರೆ ಕ್ಯಾಲೆಂಡರ್ ನಂಬಿ ಕೂರಬೇಡಿ. ಹೊಂಗೆ ಮರ ಇದ್ದಕ್ಕಿದ್ದಂತೆ ಎಲೆ ಉದುರಿಸಿ, ಕೆಲವೇ ದಿನಗಳಲ್ಲಿ ಎಳೆ ಹಸಿರು ಹೊದ್ದು ನಿಂತಿರುತ್ತದೆ. ಈ ಭಾನುವಾರ ನೋಡಿದ ನೆಲ ಮುಂದಿನ ಭಾನುವಾರ ಇರೋದಿಲ್ಲ. ಕಂಡಾಗಲೇ ಹೋಗಿಬಿಡಿ.

ಯಾವ ಮರದ ಕೆಳಗೆ ಫೋಟೋ ಚೆಂದ ಬರುತ್ತದೆ?

ಇದೇ ಮುಖ್ಯ ಪ್ರಶ್ನೆ, ಆದರೆ ಕೇಳುವವರು ಕಡಿಮೆ. ಎಲ್ಲರೂ ಮೊದಲು ಲೆನ್ಸ್ ಬಗ್ಗೆ ಕೇಳುತ್ತಾರೆ.

ಕೆಂಪು ಬೇಕೆಂದರೆ ಬಾದಾಮಿ ಮರ. ತಿನ್ನುವ ಬಾದಾಮಿಯದ್ದಲ್ಲ, ಶಾಲೆ ಅಂಗಳಗಳಲ್ಲಿ, ಬಡಾವಣೆಯ ರಸ್ತೆ ಬದಿಯಲ್ಲಿ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿರುತ್ತದಲ್ಲ, ಅದು. ಉದುರುವ ಮುಂಚೆ ಅದರ ಎಲೆ ನಿಜಕ್ಕೂ ಕೆಂಪಾಗುತ್ತದೆ. ಒಂದೇ ಎಲೆಯಲ್ಲಿ ಕೆಂಪು, ಕಿತ್ತಳೆ, ಸ್ವಲ್ಪ ಹಸಿರು ಎಲ್ಲ ಇರುತ್ತದೆ. ನಮ್ಮ ಊರಲ್ಲಿ ವಿದೇಶದ ಫೋಟೋಗೆ ಹತ್ತಿರ ಬರುವ ಬಣ್ಣ ಇದೊಂದೇ ಅನ್ನಬಹುದು.

ಸಾಗವಾನಿ ಎಲೆ ಕಂದು ಬಣ್ಣದ್ದು, ಆದರೆ ಅದರ ಗಾತ್ರವೇ ಒಂದು ಆಟ. ಎರಡು ವರ್ಷದ ಮಗುವಿನ ಕೈಗೆ ಒಂದು ಒಣ ಸಾಗವಾನಿ ಎಲೆ ಕೊಟ್ಟು ನೋಡಿ. ಮುಖ ಪೂರ್ತಿ ಮುಚ್ಚುತ್ತದೆ. ಮೊದಲು ಮೂಸುತ್ತದೆ, ಆಮೇಲೆ ಉಗುರಲ್ಲಿ ಪರಪರ ಕೆರೆಯುತ್ತದೆ, ಹುಳ ತಿಂದ ತೂತು ಸಿಕ್ಕರೆ ಅದಕ್ಕೆ ಕಣ್ಣಿಟ್ಟು ನೋಡುತ್ತದೆ. ಆ ತೂತಿನ ಕಣ್ಣು ತಪ್ಪಿಸಿಕೊಳ್ಳಬೇಡಿ. ಹಿಂದಿನಿಂದ ಬಿಸಿಲು ಬಿದ್ದರೆ ಎಲೆಯ ನರ ನರವೂ ಕಾಣುತ್ತದೆ.

ಬೇವಿನ ಎಲೆ ಸಣ್ಣದು, ಹಳದಿ. ತೂರಿದರೆ ಮಳೆ ಬಿದ್ದಂತೆ ಬೀಳುತ್ತದೆ, ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ, ಫೋಟೋದಲ್ಲಿ ಅದು ಚೆಂದವೇ. ಅರಳಿ ಎಲೆ ಆಕಾರಕ್ಕೆ ಒಳ್ಳೆಯದು, ಮಗು ತೊಟ್ಟು ಹಿಡಿದು ತಿರುಗಿಸಿ ಆಡಬಹುದು. ಗುಲ್‌ಮೊಹರ್ ಮತ್ತು ಮಳೆ ಮರದ್ದು ಪುಡಿ ಪುಡಿ ಎಲೆ, ದೂರದಿಂದ ನೆಲದ ಮೇಲೆ ಬರೀ ಧೂಳಿನ ಹಾಗೆ ಕಾಣುತ್ತದೆ. ನೀಲಗಿರಿ ತೋಪು ಬೇಡ. ಎಲೆ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ, ರಾಶಿ ನಿಲ್ಲೋದಿಲ್ಲ.

ಮುತ್ತುಗದ ಬಗ್ಗೆ ಯಾರೂ ಕೇಳೋದಿಲ್ಲ, ನಾನೇ ಹೇಳುತ್ತೇನೆ. ಎಲೆ ಉದುರಿಸಿದ ಮುತ್ತುಗ ಫೆಬ್ರವರಿ-ಮಾರ್ಚ್‌ನಲ್ಲಿ ಕಿತ್ತಳೆ ಕೆಂಪು ಹೂ ಬಿಡುತ್ತದೆ. ಒಣ ಎಲೆಯ ಮೇಲೆ ಆ ಹೂ ಉದುರಿ ಬಿದ್ದ ನೆಲ ಸಿಕ್ಕರೆ ಬಾದಾಮಿ ಮರವನ್ನೂ ಮರೆತುಬಿಡಿ.

ಎಲ್ಲಿಗೆ ಹೋಗೋದು?

ಧಾರವಾಡದವರಿಗೆ ಪುಣ್ಯ ಜಾಸ್ತಿ. ಕರ್ನಾಟಕ ಕಾಲೇಜು, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಮೂರೂ ಆವರಣಗಳಲ್ಲಿ ಹಳೇ ಮರಗಳಿವೆ. ಆದರೆ ಇವು ಪಾರ್ಕ್ ಅಲ್ಲ. ಗೇಟಿನಲ್ಲಿ ಮೊದಲು ಕೇಳಿ ಒಳಗೆ ಹೋಗಿ. ಫೋನ್ ಹಿಡಿದು ಮಗುವಿನ ಜೊತೆ ನಡೆಯೋದು ಬೇರೆ, ಸ್ಟ್ಯಾಂಡು, ಲೈಟು, ನಾಲ್ಕು ಜನ ಸೇರಿಕೊಂಡು ಬರೋದು ಬೇರೆ. ಕೆಲಗೇರಿ ಕೆರೆ ಕಡೆ, ಸಾಧನಕೇರಿ ಕಡೆಯೂ ನೆರಳಿನ ಜಾಗ ಸಿಗುತ್ತದೆ.

ಹುಬ್ಬಳ್ಳಿಯಲ್ಲಿ ನೃಪತುಂಗ ಬೆಟ್ಟ ಸಂಜೆ ಬೆಳಕಿಗೆ ಒಳ್ಳೆಯದು, ಆದರೆ ವಾಕಿಂಗ್ ಮಾಡುವವರು ಹಿಂದೆ ಬರುತ್ತಲೇ ಇರುತ್ತಾರೆ. ಉಣಕಲ್ ಕೆರೆ ದಂಡೆಯೂ ಹಾಗೇ, ಭಾನುವಾರ ಬಿಟ್ಟು ಹೋಗಿ. ಕಲಘಟಗಿ ಕಡೆ ಹೋದಷ್ಟೂ ಸಾಗವಾನಿ ಜಾಸ್ತಿ. ರಸ್ತೆಯಿಂದ ಕಾಣುವ ಅಂಚಿನಲ್ಲೇ ಇರಿ, ಕಾಡಿನೊಳಗೆ ನುಗ್ಗಬೇಡಿ.

ಗದಗದವರು ಕಪ್ಪತಗುಡ್ಡ ಅನ್ನುತ್ತಾರೆ. ಅದು 2019ರಲ್ಲಿ ವನ್ಯಜೀವಿ ಧಾಮ ಆಗಿದೆ. ಬೇಸಿಗೆಯಲ್ಲಿ ಬೆಂಕಿಯ ಭಯವೂ ಇದೆ. ಅರಣ್ಯ ಇಲಾಖೆಯವರು ಬಿಡುವ ಕಡೆ ಮಾತ್ರ ಹೋಗಿ. ಸಣ್ಣ ಮಗು ಇದ್ದರೆ ನನ್ನ ಮಾತು ಕೇಳಿ, ಊರೊಳಗಿನ ಒಂದು ಬೇವಿನ ಮರವೇ ಸಾಕು. ಲಕ್ಕುಂಡಿ ಗುಡಿಗಳ ಕಲ್ಲಿನ ಹಿನ್ನೆಲೆ ಒಣ ಎಲೆಗೆ ಬಹಳ ಹೊಂದುತ್ತದೆ. ಅಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಹಾವೇರಿ ಜಿಲ್ಲೆಯಲ್ಲಿ ಹಾನಗಲ್ ಕಡೆ ಮರ ದಟ್ಟ. ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು: ಫೋಟೋಗೆ ಬೇಕಾಗೋದು ಒಂದು ಮಂಚದಷ್ಟು ಜಾಗ. ನಿಮ್ಮ ಓಣಿಯ ಕೊನೆಯಲ್ಲೇ ಇರಬಹುದು, ನೋಡಿಕೊಂಡು ಬನ್ನಿ.

ಎಷ್ಟು ಗಂಟೆಗೆ ಹೋದರೆ ಒಳ್ಳೆಯದು?

ಫೆಬ್ರವರಿ ಮಧ್ಯದಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟೋದು ಸುಮಾರು 6:55ಕ್ಕೆ, ಮುಳುಗೋದು 6:30ರ ಸುಮಾರಿಗೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತು, ಸಂಜೆ ಐದರಿಂದ ಆರೂಕಾಲು. ಈ ಎರಡು ಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬರುತ್ತದೆ, ಎಲೆಯ ಅಂಚು ಮಿನುಗುತ್ತದೆ, ಮಗು ಕಣ್ಣು ಕಿರಿದು ಮಾಡೋದಿಲ್ಲ.

ಎರಡರಲ್ಲಿ ಯಾವುದು ಅಂದರೆ ಮಗುವನ್ನು ಕೇಳಿ. ಮಧ್ಯಾಹ್ನ ಮಲಗಿ ಎದ್ದು, ಹೊಟ್ಟೆ ತುಂಬಿದ ಮಗು ಸಂಜೆ ಐದಕ್ಕೆ ಕುಣಿಯುತ್ತಿರುತ್ತದೆ. ಬೆಳಿಗ್ಗೆ ಇನ್ನೊಂದು ತೊಂದರೆ ಇದೆ. ಇಬ್ಬನಿ ಬಿದ್ದ ದಿನ ಎಲೆ ತೇವ ಆಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ತೂರಿದರೆ ಹಾರೋದಿಲ್ಲ, ಧೊಪ್ಪಂತ ಬೀಳುತ್ತದೆ. ಎಲೆ ತೂರುವ ಫೋಟೋ ಬೇಕಿದ್ದರೆ ಸಂಜೆಗೇ ಇಟ್ಟುಕೊಳ್ಳಿ.

ಮಧ್ಯಾಹ್ನ ಹನ್ನೊಂದರಿಂದ ಮೂರೂವರೆವರೆಗೆ ಬೇಡವೇ ಬೇಡ. ಕಣ್ಣ ಕೆಳಗೆ ಕಪ್ಪು ನೆರಳು, ಮೇಲಿಂದ ಬೆವರು, ಕೊನೆಗೆ ಅಳು.

ಮರದ ಕೆಳಗೆ ನಿಲ್ಲಿಸಿದರೆ ಮುಖದ ಮೇಲೆ ಬಿಸಿಲಿನ ಚುಕ್ಕಿ ಬೀಳುತ್ತವೆ. ಏನು ಮಾಡೋದು?

ಅರ್ಧ ಎಲೆ ಉದುರಿದ ಮರದ್ದೇ ಈ ಕಾಟ. ಆ ಚುಕ್ಕಿಯನ್ನು ಆಮೇಲೆ ಎಡಿಟಿಂಗ್‌ನಲ್ಲಿ ತೆಗೆಯೋದು ಬಹಳ ಕಷ್ಟ. ಮಗುವಿನ ಬೆನ್ನು ಬಿಸಿಲ ಕಡೆ ಇರುವಂತೆ ನೀವು ಜಾಗ ಬದಲಿಸಿ. ಆಗ ಚುಕ್ಕಿ ಕೂದಲ ಮೇಲೆ, ಹೆಗಲ ಮೇಲೆ ಬೀಳುತ್ತದೆ, ಅದು ಚೆಂದ ಕಾಣುತ್ತದೆ. ಮುಖಕ್ಕೆ ಬೆಳಕು ಎದುರಿನ ನೆಲದಿಂದ ಬರುತ್ತದೆ. ಬಿಸಿಲು ಬಿದ್ದ ಒಣ ಎಲೆಯ ನೆಲ ಹಳದಿ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ, ಮಗುವಿನ ಕೆನ್ನೆಗೆ ಅದು ಹೊಂದುತ್ತದೆ. ಹಸಿರು ಹುಲ್ಲಿನ ಮೇಲೆ ಅದೇ ಮಗುವನ್ನು ಕೂರಿಸಿದರೆ ಗಲ್ಲದ ಕೆಳಗೆ ಹಸಿರು ಛಾಯೆ ಬರುತ್ತದೆ.

ಮುಖ ಇನ್ನೂ ಕಪ್ಪಾಗಿ ಕಂಡರೆ ಯಾರಾದರೂ ಎದುರಿಗೆ ಒಂದು ಬಿಳಿ ಪಂಚೆಯನ್ನೋ ಥರ್ಮಾಕೋಲ್ ಹಲಗೆಯನ್ನೋ ಹಿಡಿಯಲಿ. ಅಂಗಡಿಯ ರಿಫ್ಲೆಕ್ಟರ್‌ಗೆ ದುಡ್ಡು ಹಾಕೋದು ಬೇಡ. ಮಾವನವರ ಕೈಗೆ ಪಂಚೆ ಕೊಟ್ಟರೆ ಅವರಿಗೂ ಒಂದು ಕೆಲಸ ಆಯಿತು, ಹಿಂದಿನಿಂದ ಸಲಹೆ ಕೊಡೋದೂ ನಿಲ್ಲುತ್ತದೆ.

ಫೋನ್ ಸಾಕಾ, ಕ್ಯಾಮೆರಾನೇ ಬೇಕಾ?

ಫೋನ್ ಸಾಕು. ಮೊದಲು ಲೆನ್ಸ್ ಒರೆಸಿ. ಜೇಬಿನ ಎಣ್ಣೆ ಜಿಡ್ಡು ಇದ್ದರೆ ಸಂಜೆಯ ಎದುರು ಬೆಳಕಿನಲ್ಲಿ ಇಡೀ ಫೋಟೋ ಮಸುಕಾಗುತ್ತದೆ. ಮಗುವಿನ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ, ಆಮೇಲೆ ಬೆಳಕಿನ ಗುರುತನ್ನು ಸ್ವಲ್ಪ ಮೇಲೆ ಕೆಳಗೆ ಎಳೆದು ಮುಖಕ್ಕೆ ಹೊಂದಿಸಿ. ಆಕಾಶ ಬೆಳ್ಳಗಾದರೆ ಆಗಲಿ.

ತೀರಾ ಹತ್ತಿರ ಹೋಗಿ ತೆಗೆಯಬೇಡಿ, ಮೂಗು ದೊಡ್ಡದಾಗಿ ಕಾಣುತ್ತದೆ. ಎರಡು ಪಟ್ಟು ಜೂಮ್ ಲೆನ್ಸ್ ಇದ್ದರೆ ಅದನ್ನು ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯಿರಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಎಲೆಗಳ ನಡುವೆ ತಡವರಿಸುತ್ತದೆ. ಕೂದಲಿಗೆ ಅಂಟಿದ ಎಲೆಯನ್ನು ಅರ್ಧ ಕತ್ತರಿಸುತ್ತದೆ, ಕೈಯಲ್ಲಿ ಹಿಡಿದ ತೊಟ್ಟನ್ನು ಮಾಯ ಮಾಡುತ್ತದೆ. ಕೂತು ಸುಮ್ಮನಿರುವ ಮಗುವಿಗೆ ಮಾತ್ರ ಅದು.

ಇನ್ನೊಂದು. ನೀವು ನಿಂತುಕೊಂಡು ತೆಗೆದರೆ ಮಗುವಿನ ನೆತ್ತಿ ಬರುತ್ತದೆ. ನೆಲಕ್ಕೆ ಕೂತುಬಿಡಿ. ಮಲಗಿದರೆ ಇನ್ನೂ ಒಳ್ಳೆಯದು. ಲೆನ್ಸ್ ಮುಂದೆಯೇ ನಾಲ್ಕು ಎಲೆ ಮಸುಕಾಗಿ ಬಂದಾಗ ಕೆಳಗೆ ಇಷ್ಟೇ ಎಲೆ ಇತ್ತು ಅಂತ ಯಾರಿಗೂ ಗೊತ್ತಾಗೋದಿಲ್ಲ.

ಕ್ಯಾಮೆರಾದಲ್ಲಿ ಸೆಟ್ಟಿಂಗ್ ಏನು ಇಡಬೇಕು?

ಮಗು ಕೂತಿದ್ದರೆ ಶಟರ್ ವೇಗ ಸೆಕೆಂಡಿನ 1/250, ನಡೆದಾಡುತ್ತಿದ್ದರೆ 1/500, ಓಡಿದರೆ ಅಥವಾ ಎಲೆ ತೂರಿದರೆ 1/1000. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ ಬಿಡಿ. ಫೋಟೋದಲ್ಲಿ ಸ್ವಲ್ಪ ಗ್ರೇನ್ (ಮರಳಿನಂಥ ಚುಕ್ಕಿ) ಬಂದರೆ ನಡೆಯುತ್ತದೆ, ಅಲುಗಿದ ಮುಖ ನಡೆಯೋದಿಲ್ಲ. 50 ಎಂಎಂ ಎಫ್ 1.8 ಲೆನ್ಸ್ ಇದ್ದವರು ಅದರ ಬೆಳಕಿನ ಕಿಂಡಿಯನ್ನು ಪೂರ್ತಿ, 1.8ಕ್ಕೇ, ತೆರೆದಿಡುತ್ತಾರೆ. ಹತ್ತಿರದಿಂದ ತೆಗೆದಾಗ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಎಫ್ ಸಂಖ್ಯೆಯನ್ನು 2.8 ಅಥವಾ 4ಕ್ಕೆ ಇಡಿ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸೇ ಇದ್ದರೆ 55ಕ್ಕೆ ತಿರುಗಿಸಿ, ಮಗುವಿಗೂ ಹಿಂದಿನ ಗಿಡಕ್ಕೂ ದೂರ ಜಾಸ್ತಿ ಇರಲಿ.

ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿಟ್ಟರೆ ಕ್ಯಾಮೆರಾ ಎಲೆಯ ಹಳದಿಯನ್ನೇ ತಪ್ಪು ಅಂದುಕೊಂಡು ನೀಲಿ ಕಡೆಗೆ ತಣ್ಣಗೆ ಮಾಡಿಬಿಡುತ್ತದೆ. ಬಿಸಿಲಿನ ಗುರುತಿಗೆ ಇಡಿ, ನೆರಳಿದ್ದರೆ ಮೋಡದ ಗುರುತಿಗೆ.

ಎಲೆ ತೂರುವ ಫೋಟೋ ಎಷ್ಟು ಸಲ ತೆಗೆದರೂ ಮುಖಕ್ಕೆ ಎಲೆ ಅಡ್ಡ ಬರುತ್ತದೆ.

ಮಗುವಿನ ಕೈಯಿಂದ ತೂರಿಸುತ್ತೀರಿ, ಅದಕ್ಕೇ. ಸಣ್ಣ ಮಕ್ಕಳು ತೂರುವಾಗ ಎಲೆ ಮುಖದ ಮುಂದೆಯೇ ಹೋಗುತ್ತದೆ, ಕಣ್ಣೂ ಮುಚ್ಚಿಕೊಳ್ಳುತ್ತಾರೆ. ಅಕ್ಕನೋ ಅಪ್ಪನೋ ಮಗುವಿನ ಹಿಂದೆ ಪಕ್ಕಕ್ಕೆ ನಿಂತು, ಎರಡು ಕೈ ತುಂಬ ಎಲೆ ತೆಗೆದು ತಲೆಯ ಮೇಲೆ ನೇರ ಎತ್ತರಕ್ಕೆ ಎಸೆಯಲಿ. ಎಸೆದ ಗಳಿಗೆ ಮಗು ಮೇಲೆ ನೋಡುತ್ತದೆ, ಬಾಯಿ ತೆರೆಯುತ್ತದೆ. ಎಲೆ ಕೆಳಗೆ ಬರುವಾಗ ನಗು ಬರುತ್ತದೆ. ಎಸೆಯುವ ಮುಂಚೆಯೇ ಬರ್ಸ್ಟ್ (ಒಂದರ ಹಿಂದೆ ಒಂದು ಫೋಟೋ ತೆಗೆಯೋದು) ಶುರು ಮಾಡಿ, ಕೊನೆಯ ಎಲೆ ನೆಲ ಮುಟ್ಟಿದ ಮೇಲೂ ಸ್ವಲ್ಪ ಹೊತ್ತು ಓಡಲು ಬಿಡಿ. ನಿಜವಾದ ಫೋಟೋ ಬಹಳ ಸಲ ಅಲ್ಲಿ, ತಲೆ ಮೇಲೆ ಒಂದೇ ಎಲೆ ಉಳಿದು ಮಗು ಅದನ್ನು ಹುಡುಕುವಾಗ ಸಿಗುತ್ತದೆ. ತೂರುವ ಎಲೆಯಲ್ಲಿ ಕಡ್ಡಿ, ಕಲ್ಲು, ಮಣ್ಣು ಇರಬಾರದು. ಕೈಯಲ್ಲಿ ಆರಿಸಿಯೇ ತುಂಬಿಕೊಳ್ಳಿ.

"ನಗು ಅಂದ್ರ ನಗಾಂಗಿಲ್ಲ, ಇಲ್ಲಿ ನೋಡು ಅಂದ್ರ ನೋಡಾಂಗಿಲ್ಲ."

ಹಾಗೆ ಹೇಳೋದನ್ನು ಬಿಡಿ. ಐದು ಜನ ಒಟ್ಟಿಗೆ "ಇಲ್ಲಿ ನೋಡವಾ, ಇಲ್ಲಿ ನೋಡಪಾ" ಅಂತ ಕೂಗಿದರೆ ಮಗು ಯಾರ ಕಡೆ ನೋಡಬೇಕು? ಒಬ್ಬರೇ ಮಾತಾಡಿ. ಮಗುವಿಗೆ ಒಂದು ಕೆಲಸ ಕೊಡಿ: ಎಲ್ಲಕ್ಕಿಂತ ದೊಡ್ಡ ಎಲೆ ಹುಡುಕು, ಎಲೆ ತುಳಿದರೆ ಎಷ್ಟು ಸಪ್ಪಳ ಬರುತ್ತೆ ನೋಡು, ಅಜ್ಜಿಗೆ ಒಂದು ಎಲೆ ಕೊಟ್ಟು ಬಾ. ಕ್ಯಾಮೆರಾ ಹಿಂದೆ ಅಜ್ಜಿಯನ್ನು ಕೂರಿಸಿದರೆ ಮಗು ನಿಮ್ಮ ಕಡೆಗೇ ಓಡಿ ಬರುತ್ತದೆ, ಮುಖ ಅರಳಿಸಿಕೊಂಡು.

ಫೇಡೆಯ ಆಸೆ ತೋರಿಸುವವರಿದ್ದಾರೆ. ಧಾರವಾಡದಲ್ಲಿ ಅದು ಸಹಜವೇ. ಆದರೆ ಕೊನೆಯಲ್ಲಿ ಕೊಡಿ. ಮೊದಲೇ ಕೊಟ್ಟರೆ ತುಟಿಯೆಲ್ಲ ಸಕ್ಕರೆ, ಅದರ ಮೇಲೆ ಎಲೆಪುಡಿ, ಹಿಂದೆಯೇ ಇರುವೆ. ಅರ್ಧ ಗಂಟೆ ಆದ ಮೇಲೆ ಮಗು ಬೇಡ ಅಂದರೆ ಮುಗಿಸಿ.

ಯಾವ ಬಣ್ಣದ ಬಟ್ಟೆ?

ಒಣ ಎಲೆಯ ಕಂದು, ಹಳದಿ, ಕಿತ್ತಳೆ ಬಟ್ಟೆಯಲ್ಲಿ ಬೇಡ, ಮಗು ನೆಲದಲ್ಲಿ ಕಳೆದುಹೋಗುತ್ತದೆ. ನೀಲಿ ಬಹಳ ಒಳ್ಳೆಯದು. ಮಾಸಲು ಬಿಳಿ, ಕಡು ಹಸಿರು ಕೂಡ. ಮಿಂಚುವ ಗುಲಾಬಿ ಬಣ್ಣ ಗಲ್ಲದ ಮೇಲೆಲ್ಲ ಪ್ರತಿಫಲಿಸುತ್ತದೆ. ಎದೆ ಮೇಲೆ ದೊಡ್ಡ ಕಾರ್ಟೂನ್ ಇದ್ದರೆ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ನನ್ನನ್ನು ಕೇಳಿದರೆ ಹೆಣ್ಣುಮಕ್ಕಳಿಗೆ ಗುಳೇದಗುಡ್ಡದ ಖಣದಲ್ಲಿ ಹೊಲಿಸಿದ ಪರಕಾರ-ಪೋಲಕಾ. ಕಡು ನೀಲಿ ಅಥವಾ ಹಸಿರು ಖಣ, ಕೆಳಗೆ ತರಗೆಲೆ. ವಿದೇಶದ ಸ್ವೆಟರ್, ಬೂಟು ಹಾಕಿಸಿ 30 ಡಿಗ್ರಿ ಬಿಸಿಲಲ್ಲಿ ಮಗುವನ್ನು ಬೇಯಿಸೋದು ಯಾಕೆ? ಗಂಡುಮಕ್ಕಳಿಗೆ ತೆಳು ಹತ್ತಿ ಜುಬ್ಬಾ, ಪೈಜಾಮ. ಕಾಲು ಬರಿಗಾಲಲ್ಲಿ ಚೆಂದ, ಆದರೆ ಕೂತಾಗ ಮಾತ್ರ. ಓಡಾಡುವಾಗ ಚಪ್ಪಲಿ ಇರಲಿ, ಜಾಲಿ ಮುಳ್ಳು ಎಲೆಯ ಕೆಳಗೆ ಕಾಣೋದಿಲ್ಲ. ದೃಷ್ಟಿ ಬೊಟ್ಟು ಇಟ್ಟಿದ್ದರೆ ಇರಲಿ ಬಿಡಿ, ಎಡಿಟಿಂಗ್‌ನಲ್ಲೂ ತೆಗೆಸಬೇಡಿ.

ಆರು ತಿಂಗಳ ಕೂಸನ್ನು ಎಲೆ ಮೇಲೆ ಮಲಗಿಸಬಹುದಾ?

ನೇರವಾಗಿ ಬೇಡ. ಕೆಳಗೆ ದಪ್ಪ ಕೌದಿ ಹಾಸಿ, ಅದರ ಸುತ್ತ ಎಲೆ ಹರಡಿ. ಕೌದಿಯೇ ಫೋಟೋದಲ್ಲಿ ಬಂದರೂ ಒಳ್ಳೆಯದೇ. ಈ ವಯಸ್ಸಿನ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಒಣ ಎಲೆ ಚೂರು ಗಂಟಲಿಗೆ ಅಂಟಿದರೆ ಅಪಾಯ. ಒಬ್ಬರು ಕೈಗೆ ಸಿಗುವಷ್ಟು ಹತ್ತಿರ ಕೂತೇ ಇರಬೇಕು, ಅವರಿಗೆ ಬೇರೆ ಕೆಲಸ ಹೇಳಬಾರದು. ಕೂರಲು ಬಾರದ ಕೂಸನ್ನು ಎಲೆ ರಾಶಿಗೆ ಒರಗಿಸಿ ಕೂರಿಸೋದು ಬೇಡ.

ಹಾವು, ಚೇಳು ಇರೋದಿಲ್ವಾ? ನಮ್ಮ ಅತ್ತೆ ಬಿಡೋದೇ ಇಲ್ಲ.

ಅತ್ತೆ ಹೇಳಿದ್ದು ಸರಿ. ಬಹಳ ದಿನದಿಂದ ಕೂತ ಎಲೆ ರಾಶಿಯೊಳಗೆ ಚೇಳು, ಜರಿ ಇರಬಹುದು. ಕಲ್ಲಿನ ಗೋಡೆ, ಬೇಲಿ, ಕಟ್ಟಿಗೆ ರಾಶಿ ಪಕ್ಕದ ಎಲೆಯನ್ನು ಮುಟ್ಟಲೇಬೇಡಿ. ಬಯಲಲ್ಲಿ ಹೊಸದಾಗಿ ಉದುರಿದ, ತೆಳುವಾಗಿ ಹರಡಿದ ಎಲೆ ಆರಿಸಿ. ಮೊದಲು ಉದ್ದ ಕೋಲಿನಿಂದ ಕೆದರಿ, ನೆಲ ಕಾಲಲ್ಲಿ ಬಡಿದು ಸಪ್ಪಳ ಮಾಡಿ, ಆಮೇಲೆ ಮಗುವನ್ನು ಇಳಿಸಿ. ಕೆಂಪಿರುವೆ ಸಾಲು ಇದೆಯಾ ನೋಡಿ.

ಹಾವಿಗಿಂತ ಹೆಚ್ಚು ಜನ ಮರೆಯೋದು ನಸುಗುನ್ನಿ ಕಾಯಿಯನ್ನು. ಬೇಲಿ ಬಳ್ಳಿಯಲ್ಲಿ ಇದೇ ಕಾಲಕ್ಕೆ ಒಣಗಿ, ಕಂದು ವೆಲ್ವೆಟ್ಟಿನ ಹಾಗೆ ಕಾಣುತ್ತದೆ. ಮಕ್ಕಳು ಮುಟ್ಟಲು ಹೋಗುತ್ತಾರೆ. ಅದರ ರೋಮ ತಾಗಿದರೆ ಮೈಯೆಲ್ಲ ತುರಿಕೆ. ಕಾಂಗ್ರೆಸ್ ಕಸ ಬೆಳೆದ ಜಾಗವೂ ಬೇಡ, ಕೆಲವರಿಗೆ ಅಲರ್ಜಿ, ಉಬ್ಬಸ ಬರುತ್ತದೆ. ಧೂಳಿಗೆ ದಮ್ಮು ಬರುವ ಮಗುವಾದರೆ ಎಲೆ ತೂರುವ ಆಟವನ್ನೇ ಬಿಟ್ಟುಬಿಡಿ.

ನಮ್ಮ ಕಡೆ ಅಷ್ಟೊಂದು ಎಲೆ ಸಿಗೋದಿಲ್ಲ. ತಂದು ಹಾಕಬಹುದಾ?

ಹಾಕಬಹುದು. ಎರಡು ಗೋಣಿಚೀಲ ತುಂಬಿದರೆ ಧಾರಾಳ ಆಯಿತು. ರಸ್ತೆ ಗುಡಿಸಿದ ರಾಶಿಯಿಂದ ತರಬೇಡಿ, ಅದರಲ್ಲಿ ಗಾಜು, ಬ್ಲೇಡು, ಎಲ್ಲ ಇರುತ್ತದೆ. ಮರ ಅಲುಗಾಡಿಸಿ, ಕೊಂಬೆ ಮುರಿದು ಉದುರಿಸಬೇಡಿ. ಹರಡುವಾಗ ಕ್ಯಾಮೆರಾ ಮುಂದೆ ಹೆಚ್ಚು, ಮಗುವಿನ ಹಿಂದೆ ಸ್ವಲ್ಪ, ಅಷ್ಟು ಸಾಕು. ಒಂದೇ ಮಟ್ಟಕ್ಕೆ ಹಾಸಿದರೆ ಚಾಪೆ ಹಾಸಿದಂತೆ ಕಾಣುತ್ತದೆ.

ಎಲೆ ಬದಲು ಬ್ಯಾಡಗಿ ಮೆಣಸಿನಕಾಯಿ ರಾಶಿಯಲ್ಲಿ ಕೂರಿಸಿದರೆ?

ಹಾವೇರಿ ಕಡೆಯಿಂದ ಇದನ್ನು ಕೇಳುವವರು ಇದ್ದೇ ಇರುತ್ತಾರೆ. ಕೆಂಪು ಬಣ್ಣ ಎಷ್ಟು ಚೆಂದ, ನಿಜ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಅನ್ನೋದೂ ನಿಜ, ಅದು ಅಡುಗೆಗೆ. ಮಗುವಿನ ಕಣ್ಣಿಗೆ ಆ ಕೈ ಹೋದರೆ ಖಾರ ಖಾರವೇ. ಮಗುವನ್ನು ದೂರದಲ್ಲಿ, ಗಾಳಿ ಬೀಸುವ ದಿಕ್ಕಿಗೆ ಅಡ್ಡ ಬಾರದಂತೆ ಅಜ್ಜನ ಹೆಗಲ ಮೇಲೆ ಕೂರಿಸಿ, ಕಾಯಿ ಹರಡಿದ ಕಣವನ್ನು ಹಿನ್ನೆಲೆಯಲ್ಲಿ ಕೆಂಪು ಮಸುಕಾಗಿ ತನ್ನಿ.

ಕಲರ್ ಸ್ಮೋಕ್, ಸುರಸುರಬತ್ತಿ?

ಒಣ ಎಲೆಯಲ್ಲಿ ಬೆಂಕಿ. ಬೇಡ.

ಎಡಿಟ್ ಮಾಡುವಾಗ ಎಲೆ ಬಣ್ಣ ಹೆಚ್ಚಿಸಿದರೆ ಮಗುವಿನ ಮುಖ ಅರಿಶಿನ ಹಚ್ಚಿದ ಹಾಗೆ ಆಗುತ್ತದೆ.

ನಮ್ಮ ಚರ್ಮದ ಬಣ್ಣ, ಒಣ ಎಲೆಯ ಬಣ್ಣ ಎರಡೂ ಎಡಿಟಿಂಗ್ ಆ್ಯಪ್‌ಗೆ ಕಿತ್ತಳೆಯೇ. ಕಿತ್ತಳೆ ಹೆಚ್ಚಿಸಿದರೆ ಎರಡೂ ಏರುತ್ತವೆ. ಹಳದಿ ಮತ್ತು ಕೆಂಪನ್ನು ಸ್ವಲ್ಪ ಎತ್ತಿ, ಕಿತ್ತಳೆಯನ್ನು ಮುಟ್ಟಬೇಡಿ, ಅಥವಾ ಆ್ಯಪ್‌ನಲ್ಲಿ ಆರಿಸಿದ ಭಾಗವನ್ನಷ್ಟೇ ಬದಲಿಸುವ ಮಾಸ್ಕ್ ಹಾಕಿ ಮುಖ ಬಿಟ್ಟು ಉಳಿದದ್ದಕ್ಕೆ ಬಣ್ಣ ಕೊಡಿ. ಹಸಿರನ್ನೆಲ್ಲ ಕಿತ್ತಳೆ ಮಾಡುವ ಪ್ರೀಸೆಟ್ (ರೆಡಿಮೇಡ್ ಸೆಟ್ಟಿಂಗ್) ಬಳಸಿದರೆ ಹಿಂದಿನ ತೆಂಗಿನ ಗರಿಯೂ ಕಿತ್ತಳೆ ಆಗುತ್ತದೆ, ನೋಡುವವರು ನಗುತ್ತಾರೆ. ಬ್ಯೂಟಿ ಫಿಲ್ಟರ್ ಹಾಕಿ ಮಗುವನ್ನು ಬೆಳ್ಳಗೆ ಮಾಡುವ ಚಾಳಿಯಂತೂ ಬೇಡ. ಮುಖ ಕಪ್ಪಾಗಿ ಬಂದಿದ್ದರೆ ಅದು ಬೆಳಕಿನ ಕೊರತೆ. ನೆರಳನ್ನಷ್ಟೇ ಮೇಲೆತ್ತಿ.

ಸ್ಟೇಟಸ್‌ಗೆ, ಇನ್‌ಸ್ಟಾಗ್ರಾಮ್‌ಗೆ ಹಾಕಬಹುದಾ?

ನಿಮ್ಮಿಷ್ಟ. ಶಾಲೆಯ ಯೂನಿಫಾರ್ಮ್, ಐಡಿ ಕಾರ್ಡ್, ಮನೆಯ ನಂಬರ್ ಕಾಣುವಂಥದ್ದನ್ನು, ಬಟ್ಟೆ ಇಲ್ಲದ ಮಗುವಿನ ಫೋಟೋವನ್ನು ಹಾಕಬೇಡಿ. ಜಾಗದ ಹೆಸರನ್ನು ಅಲ್ಲಿದ್ದಾಗಲೇ ಟ್ಯಾಗ್ ಮಾಡಬೇಡಿ. ಪಕ್ಕದ ಮನೆ ಮಗುವೂ ಫ್ರೇಮಿನಲ್ಲಿ ಬಂದಿದ್ದರೆ ಅವರಪ್ಪ-ಅಮ್ಮನನ್ನು ಒಂದು ಮಾತು ಕೇಳಿ.

ಪ್ರಿಂಟ್ ಹಾಕಿಸಿದರೆ ಒಡೆದು ಕಾಣುತ್ತದೆ, ಯಾಕೆ?

ಸ್ಟುಡಿಯೋಗೆ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿರುತ್ತೀರಿ, ಅದು ಫೋಟೋವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲಾ ಪೆನ್‌ಡ್ರೈವ್‌ನಲ್ಲಿ ಕೊಡಿ. 4×6 ಇಂಚಿಗೆ 1200×1800 ಪಿಕ್ಸೆಲ್, 8×12ಕ್ಕೆ 2400×3600 ಇದ್ದರೆ ಧಾರಾಳ. ಫೋನಿನ ಫೋಟೋ ಆಕಾರ ಸಾಮಾನ್ಯವಾಗಿ 4:3, ಪ್ರಿಂಟ್ ಕಾಗದ 3:2. ಅಂಚಿನಲ್ಲಿ ಕತ್ತರಿ ಬೀಳುತ್ತದೆ, ಹಾಗಾಗಿ ತೆಗೆಯುವಾಗಲೇ ತಲೆಯ ಮೇಲೆ, ಕಾಲಿನ ಕೆಳಗೆ ಸ್ವಲ್ಪ ಜಾಗ ಬಿಡಿ. ಕಾಗದ ಮ್ಯಾಟ್ ಕೇಳಿ. ಗ್ಲಾಸಿ ಕಾಗದ ಟ್ಯೂಬ್‌ಲೈಟ್ ಕೆಳಗೆ ಹೊಳೆದು, ಗೋಡೆಗೆ ಹಾಕಿದರೆ ಫೋಟೋದ ಬದಲು ಲೈಟೇ ಕಾಣುತ್ತದೆ.